ಹೆದರಿಸುವ ಕಾದಂಬರಿಗಳಿಗೆ ನಿಷೇಧ ಬೇಕಾ? ನಿಮ್ಮ ಅನುಭವ ಹೇಳಿ

ತುಂಗೆಯ ದಡದವಳು:
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಒಂಬತ್ತು ವರ್ಷದಿಂದ ಅಮೆರಿಕದ ಫ್ಲೋರಿಡಾದಲ್ಲಿ ಇದ್ದೇನೆ. ಎರಡು ವಾರದಿಂದ ಒಂದು ವಿಷಯ ತಲೆ ಕೊರೆಯುತ್ತಿದೆ, ಹೇಳಿಕೊಳ್ಳೋಣ ಅನ್ನಿಸಿತು.

ಮಗಳಿಗೆ ಹದಿನಾಲ್ಕು ವರ್ಷ. ದೆವ್ವ ಭೂತದ ಕಥೆ ಅಂದರೆ ಊಟ ನಿದ್ದೆ ಬಿಡುತ್ತಾಳೆ. ಅವಳ ಶಾಲೆಯ ಲೈಬ್ರರಿಯಲ್ಲಿ ಅಮೆರಿಕದ ಹಾರರ್ ಲೇಖಕ ಸ್ಟೀಫನ್ ಕಿಂಗ್ ಅವರ ಒಂದು ಕಾದಂಬರಿ ಕೇಳಿದಳಂತೆ. ಇಲ್ಲ ಅಂದರಂತೆ. ಯಾರೋ ಓದಲು ತಗೊಂಡು ಹೋಗಿದ್ದಾರೆ ಅಂತಲ್ಲ, ತೆಗೆದೇಬಿಟ್ಟಿದ್ದಾರೆ. ಅವಳನ್ನು ಕರೆದುಕೊಂಡು ಬರಲು ಹೋದ ದಿನ ನಾನೇ ಒಳಗೆ ಹೋಗಿ ನೋಡಿದೆ. 'ಕೆ' ಅಕ್ಷರದ ಸಾಲಿನಲ್ಲಿ ಒಂದು ಮೊಳದಷ್ಟು ಜಾಗ ಖಾಲಿ. ಆಚೀಚೆಯ ಪುಸ್ತಕಗಳು ಆ ಜಾಗಕ್ಕೆ ಒರಗಿಕೊಂಡಿದ್ದವು. ಅಷ್ಟು ಪುಸ್ತಕ ಇತ್ತಾ ಅಂತ ಆವಾಗಲೇ ಗೊತ್ತಾಗಿದ್ದು.

ಇಲ್ಲಿ 2023ರಲ್ಲಿ ಒಂದು ಕಾನೂನು ಬಂತು. ಪುಸ್ತಕದಲ್ಲಿ ಲೈಂಗಿಕ ವರ್ತನೆಯ ವರ್ಣನೆ ಇದೆ ಅಂತ ಮಗುವಿನ ತಂದೆಯೋ ತಾಯಿಯೋ ಆಕ್ಷೇಪ ಬರೆದು ಕೊಟ್ಟರೆ ಐದು ಶಾಲಾ ದಿನಗಳೊಳಗೆ ಅದನ್ನು ಕಪಾಟಿನಿಂದ ಇಳಿಸಬೇಕು. ಸರಿಯೋ ತಪ್ಪೋ ಅನ್ನೋ ವಿಚಾರಣೆ ಆಮೇಲೆ. 2024ರ ಆಗಸ್ಟ್‌ನಲ್ಲಿ ಕಿಂಗ್ ಅವರೇ, ಫ್ಲೋರಿಡಾದಲ್ಲಿ ನನ್ನ 23 ಪುಸ್ತಕ ನಿಷೇಧ ಆಗಿದೆ ಅಂತ ಸಿಟ್ಟಿನಿಂದ ಬರೆದಿದ್ದರು. 2024-25ರ ಶಾಲಾ ವರ್ಷದಲ್ಲಿ ಇಡೀ ದೇಶದ ಶಾಲೆಗಳಲ್ಲಿ ಎಲ್ಲರಿಗಿಂತ ಜಾಸ್ತಿ ನಿಷೇಧಕ್ಕೆ ಒಳಗಾದ ಲೇಖಕ ಅವರೇ ಅಂತ, ಬರಹಗಾರರ ವಾಕ್ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಪೆನ್ ಅಮೆರಿಕ ಸಂಸ್ಥೆ ಲೆಕ್ಕ ಕೊಟ್ಟಿದೆ.

ನನಗೆ ಇದು ಸರಿ ಕಾಣುವುದಿಲ್ಲ. ಆದರೆ ನಿಜ ಹೇಳುತ್ತೇನೆ, ಅವರ ಕೆಲವು ಪುಟ ಓದಿ ನಾನೇ ಪುಸ್ತಕ ಮುಚ್ಚಿಟ್ಟಿದ್ದೇನೆ. ಮಗಳ ಕೈಗೆ ಕೊಡಲು ಧೈರ್ಯ ಬರಲಿಲ್ಲ. ಹಾಗಾದರೆ ಆಕ್ಷೇಪ ಬರೆದುಕೊಟ್ಟ ಆ ತಾಯಿಗೂ ನನಗೂ ಏನು ವ್ಯತ್ಯಾಸ? ಇದೇ ನನ್ನ ಪ್ರಶ್ನೆ.

ಬಯಲುಸೀಮೆ ಬಸವ:
ವ್ಯತ್ಯಾಸ ಇದೆ ಅಕ್ಕ, ತುಂಬಾ ಇದೆ. ನೀವು ನಿಮ್ಮ ಮಗಳಿಗೆ ಈಗ ಬೇಡ ಅಂದಿರಿ. ಅವರು ಊರಿನ ಮಕ್ಕಳಿಗೆಲ್ಲ ಬೇಡ ಅಂದರು.

ನನ್ನ ಕಥೆ ಕೇಳಿ. ದಾವಣಗೆರೆಯಲ್ಲಿ ಎಂಟನೇ ಕ್ಲಾಸು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ, ದಿನಕ್ಕೆ ನಾಲ್ಕಾಣೆ ಬಾಡಿಗೆ. ಯಂಡಮೂರಿ ವೀರೇಂದ್ರನಾಥ್ ಅವರ ಮಾಟದ ಕಾದಂಬರಿ ತುಳಸಿದಳ ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಸಿನಿಮಾನೂ ಆಗಿ, ಎಲ್ಲರ ಬಾಯಲ್ಲೂ ಅದೇ ಮಾತು. ಕಂದು ಬಣ್ಣದ ರಟ್ಟು ಹಾಕಿದ ಪ್ರತಿ. ಅಪ್ಪ ನೋಡಬಾರದು ಅಂತ ಸಮಾಜ ಪುಸ್ತಕದೊಳಗೆ ಇಟ್ಟು ಓದಿದೆ. ಆಮೇಲೆ ಒಂದು ತಿಂಗಳು ರಾತ್ರಿ ಹೊತ್ತು ಹಿತ್ತಲ ಬಚ್ಚಲಿಗೆ ಒಬ್ಬನೇ ಹೋಗಲಿಲ್ಲ. ತಮ್ಮನನ್ನು ಎಬ್ಬಿಸಿಕೊಂಡು ಹೋಗುತ್ತಿದ್ದೆ, ಅವನಿಗೆ ಆರು ವರ್ಷ. ರಸ್ತೆಯಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡರೆ ಇನ್ನೊಂದು ಬೀದಿ ಸುತ್ತಿ ಶಾಲೆಗೆ ಹೋಗುತ್ತಿದ್ದೆ. ಅಷ್ಟೇ ಆಗಿದ್ದು. ಭಯ ತಾನಾಗಿಯೇ ಹೋಯಿತು, ಓದುವ ಚಟ ಮಾತ್ರ ಉಳಿಯಿತು. ಆಮೇಲೆ ತೇಜಸ್ವಿ, ಭೈರಪ್ಪ, ಕಾರಂತರು ಎಲ್ಲರನ್ನೂ ಓದಿದ್ದು ಅದೇ ಲೈಬ್ರರಿಯಿಂದ, ಅದೇ ಚಟದಿಂದ. ಅವತ್ತು ಆ ಪುಸ್ತಕ ಅಲ್ಲಿ ಇಲ್ಲದೇ ಹೋಗಿದ್ದರೆ ನಾನು ಆ ಲೈಬ್ರರಿಯ ಮೆಟ್ಟಿಲೇ ಹತ್ತುತ್ತಿರಲಿಲ್ಲ.

ಇನ್ನೊಂದು ಮಾತು. ಆಮೇಲೆ ಬೇರೆ ಒಂದು ಪತ್ತೇದಾರಿ ಪುಸ್ತಕ ತಂದಾಗ ನಡುವಿನ ಎಂಟು ಹತ್ತು ಪುಟ ಬ್ಲೇಡಿನಲ್ಲಿ ಕತ್ತರಿಸಿ ತೆಗೆದಿದ್ದರು. ಯಾರೋ ಓದುಗರೇ, ಇದು ಬೇರೆಯವರು ಓದುವಂಥದ್ದಲ್ಲ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಆ ನೀಟಾದ ಕತ್ತರಿ ಗುರುತು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಿಷೇಧ ಅಂದಾಗಲೆಲ್ಲ ನೆನಪಾಗೋದು ಅದೇ.

ಹೈಸ್ಕೂಲ್ ಮೇಷ್ಟ್ರು:
ಬಸವ ಅವರೇ, ನಿಮಗೆ ಒಂದು ತಿಂಗಳಲ್ಲಿ ಹೋಯಿತು, ಸಂತೋಷ. ಎಲ್ಲರಿಗೂ ಹಾಗಾಗುವುದಿಲ್ಲ. ನಾನು ಹಾವೇರಿ ಜಿಲ್ಲೆಯಲ್ಲಿ ಇಪ್ಪತ್ತೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ.

ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಯ ಹುಡುಗನೊಬ್ಬ ಮಾಟ ಮಂತ್ರದ ಒಂದು ಕಾದಂಬರಿ ಓದಿದ. ಅದೇ ತಿಂಗಳು ಅವನ ಅಜ್ಜಿ ಹಾಸಿಗೆ ಹಿಡಿದರು. ಪಕ್ಕದ ಮನೆಯಲ್ಲಿ ಒಬ್ಬಂಟಿ ಹೆಂಗಸು ಇದ್ದರು. ಹೂ ಕಟ್ಟಿ ಮಾರುವವರು. ಆಕೆಯೇ ಏನೋ ಮಾಡಿಸಿದ್ದಾಳೆ ಅಂತ ಈ ಹುಡುಗ ನಂಬಿದ, ಗೆಳೆಯರಿಗೆ ಹೇಳಿದ, ಮಾತು ಕೇರಿಗೆಲ್ಲ ಹರಡಿತು. ಆಕೆಯ ಹತ್ತಿರ ಹೂ ಕೊಳ್ಳುವುದನ್ನು ನಿಲ್ಲಿಸಿದರು. ಒಂದು ದಿನ ಆಯಮ್ಮ ಶಾಲೆಗೆ ಬಂದು, ಸರ, ನಾನೇನು ಮಾಡೀನಿ ಹೇಳ್ರಿ ಅಂತ ನನ್ನ ಮೇಜಿನ ಮುಂದೆ ನಿಂತು ಅತ್ತರು. ಕೈಯಲ್ಲಿ ಇನ್ನೂ ಬಾಳೆ ನಾರು ಇತ್ತು. ಅವತ್ತೇ ನಾನು ಲೈಬ್ರರಿಯ ಅಂಥ ಪುಸ್ತಕಗಳನ್ನೆಲ್ಲ ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ. ಇವತ್ತಿಗೂ ತೆಗೆದಿಲ್ಲ.

ನೀವೆಲ್ಲ ಸ್ವಾತಂತ್ರ್ಯ ಅನ್ನುತ್ತೀರಿ. ಆ ಹೂವಿನವರ ಕಣ್ಣೀರು ಯಾರ ಲೆಕ್ಕಕ್ಕೆ? ಮಾಟ ನಿಜ ಅಂತ ನಂಬಿಸುವ ಕಾದಂಬರಿ ನಮ್ಮ ಹಳ್ಳಿಯಲ್ಲಿ ಬರೀ ಕಥೆಯಾಗಿ ಉಳಿಯುವುದಿಲ್ಲ. ಅಮೆರಿಕದಲ್ಲೂ ಒಂದು ಕಾದಂಬರಿ ಓದಿ ಹುಡುಗರು ಶಾಲೆಯಲ್ಲಿ ಗುಂಡು ಹಾರಿಸಿದ್ದಾರೆ ಅಂತ ಓದಿದ ನೆನಪು.

ರಾತ್ರಿಪಾಳಿ:
ಮೇಷ್ಟ್ರೇ, ಆ ಕಾದಂಬರಿಯ ವಿಷಯ ನನಗೆ ಗೊತ್ತು. ಅದನ್ನು ಪೂರ್ತಿ ಹೇಳಬೇಕು, ಯಾಕೆಂದರೆ ಅರ್ಧ ಹೇಳಿದರೆ ಅರ್ಥವೇ ಬದಲಾಗುತ್ತದೆ.

ಅದರ ಹೆಸರು ರೇಜ್. ಸ್ಟೀಫನ್ ಕಿಂಗ್ ತಾವೇ ಹೈಸ್ಕೂಲಿನಲ್ಲಿದ್ದಾಗ ಬರೆಯಲು ಶುರು ಮಾಡಿದ್ದು. 1977ರಲ್ಲಿ ರಿಚರ್ಡ್ ಬಾಕ್‌ಮನ್ ಅನ್ನುವ ಬೇರೆ ಹೆಸರಿನಲ್ಲಿ ಪ್ರಕಟ ಆಯಿತು. ಅದರಲ್ಲಿ ದೆವ್ವ ಇಲ್ಲ. ಒಬ್ಬ ವಿದ್ಯಾರ್ಥಿ ಬಂದೂಕು ತಂದು ಟೀಚರನ್ನು ಕೊಂದು ಇಡೀ ತರಗತಿಯನ್ನು ಒತ್ತೆ ಇಟ್ಟುಕೊಳ್ಳುತ್ತಾನೆ. 1988ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, 1989ರಲ್ಲಿ ಕೆಂಟಕಿಯಲ್ಲಿ ಹುಡುಗರು ಸಹಪಾಠಿಗಳನ್ನು ಹಾಗೇ ಒತ್ತೆ ಇಟ್ಟುಕೊಂಡರು. ಇಬ್ಬರ ವಿಷಯದಲ್ಲೂ ಈ ಪುಸ್ತಕದ ಹೆಸರು ಬಂತು. 1997ರ ಡಿಸೆಂಬರ್‌ನಲ್ಲಿ ಕೆಂಟಕಿಯದೇ ಇನ್ನೊಂದು ಶಾಲೆಯಲ್ಲಿ, ಬೆಳಗ್ಗೆ ಪ್ರಾರ್ಥನೆಗೆ ಸೇರಿದ್ದ ಮಕ್ಕಳ ಮೇಲೆ ಹದಿನಾಲ್ಕು ವರ್ಷದ ಹುಡುಗ ಗುಂಡು ಹಾರಿಸಿದ. ಮೂವರು ಹುಡುಗಿಯರು ಸತ್ತರು. ಅವನ ಲಾಕರ್‌ನಲ್ಲಿ ಈ ಕಾದಂಬರಿ ಇದ್ದ ಪುಸ್ತಕ ಸಿಕ್ಕಿತು.

ಆಮೇಲೆ ಏನಾಯಿತು ಅನ್ನುವುದು ಮುಖ್ಯ. ಸರ್ಕಾರ ನಿಷೇಧ ಮಾಡಲಿಲ್ಲ. ಕಿಂಗ್ ಅವರೇ ಪ್ರಕಾಶಕರಿಗೆ ಇನ್ನು ಅಚ್ಚು ಹಾಕಬೇಡಿ ಅಂದರು. 2013ರಲ್ಲಿ ಬಂದೂಕುಗಳ ಬಗ್ಗೆ ಬರೆದ ಒಂದು ಪ್ರಬಂಧದಲ್ಲಿ ಕಾರಣವನ್ನೂ ಹೇಳಿದರು. ಕಾನೂನು ನನ್ನನ್ನು ಒತ್ತಾಯ ಮಾಡುವ ಹಾಗಿರಲಿಲ್ಲ, ಇದರಿಂದ ಜನಕ್ಕೆ ನೋವಾಗುತ್ತಿರಬಹುದು ಅಂತ ನನಗೇ ಅನ್ನಿಸಿತು, ಅದಕ್ಕೆ ತೆಗೆದೆ ಅನ್ನುತ್ತಾರೆ. ನನ್ನ ಪುಸ್ತಕ ಆ ಹುಡುಗರನ್ನು ಕೊಲೆಗಾರರನ್ನಾಗಿ ಮಾಡಲಿಲ್ಲ, ಅವರು ಮೊದಲೇ ಒಡೆದು ಹೋಗಿದ್ದರು ಅಂತಲೂ ಹೇಳುತ್ತಾರೆ. ಆದರೂ ಬೆಂಕಿ ಹಚ್ಚುವ ಸ್ವಭಾವದ ಹುಡುಗನ ಕೈಗೆ ಸಿಗುವಲ್ಲಿ ಪೆಟ್ರೋಲ್ ಡಬ್ಬ ಇಡಬಾರದಲ್ವಾ ಅನ್ನುವ ಅರ್ಥದ ಮಾತು ಅದರಲ್ಲಿದೆ. ಅದೇ ಪ್ರಬಂಧದಲ್ಲಿ, ನಾನು ನನ್ನ ಕೈಲಾದದ್ದು ಮಾಡಿದೆ, ನೀವು ಬಂದೂಕಿನ ವಿಷಯದಲ್ಲಿ ಏನಾದರೂ ಮಾಡಿ ಅಂತ ಕೇಳಿಕೊಳ್ಳುತ್ತಾರೆ.

ನಾನು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಮೂರು ಗಂಟೆಗೆ ವಾರ್ಡಿನಲ್ಲಿ ಕೂತು ಅದನ್ನು ಓದಿದಾಗ ನನಗೆ ಆ ಮನುಷ್ಯನ ಬಗ್ಗೆ ಗೌರವ ಹೆಚ್ಚಾಯಿತು. ಬರೆದವನೇ ಯೋಚಿಸಿ ಹಿಂದೆ ತಗೊಳ್ಳುವುದು ಬೇರೆ, ಮೂರನೆಯವರು ಬಂದು ಕಿತ್ತುಕೊಳ್ಳುವುದು ಬೇರೆ. ಇದೇ ಕಿಂಗ್, 1992ರಲ್ಲಿ ಫ್ಲೋರಿಡಾದ ಶಾಲೆಗಳಲ್ಲಿ ಅವರ ಬೇರೆ ಪುಸ್ತಕಗಳನ್ನು ತೆಗೆದಾಗ ಮಕ್ಕಳಿಗೆ ಕೊಟ್ಟ ಸಲಹೆ ಏನು ಗೊತ್ತಾ? ಧರಣಿ ಗಿರಣಿ ಬೇಡ, ಹತ್ತಿರದ ಲೈಬ್ರರಿಗೋ ಅಂಗಡಿಗೋ ಓಡಿ, ದೊಡ್ಡವರು ಯಾವುದು ಬೇಡ ಅಂದರೋ ಅದನ್ನೇ ಓದಿ ಅಂದಿದ್ದರು. ಎರಡೂ ಮಾತು ಒಬ್ಬರದೇ. ನನಗಂತೂ ಎರಡೂ ಸರಿ ಅನ್ನಿಸುತ್ತದೆ.

ಹೈಸ್ಕೂಲ್ ಮೇಷ್ಟ್ರು:
ಧನ್ಯವಾದ ಮೇಡಂ. ನನಗೆ ಇಷ್ಟು ವಿವರ ಗೊತ್ತಿರಲಿಲ್ಲ. ಆದರೆ ಒಂದು ಮಾತು. ಎಲ್ಲ ಲೇಖಕರೂ ಅವರಷ್ಟು ಯೋಚಿಸುತ್ತಾರಾ? ಯೋಚಿಸದವರ ಪುಸ್ತಕಕ್ಕೆ ಏನು ಮಾಡೋಣ?

ಅವೆನ್ಯೂ ರಸ್ತೆ ಹಳೇ ಪುಸ್ತಕ:
ಮೇಷ್ಟ್ರ ಪ್ರಶ್ನೆಗೆ ಒಂದು ಹಳೆಯ ಕಥೆ ಹೇಳಬೇಕು. ಇದೇ ಪ್ರಶ್ನೆಯನ್ನು ಅಮೆರಿಕದವರು 1954ರಲ್ಲಿ ಕೇಳಿಕೊಂಡಿದ್ದರು. ಆಗ ಕಾದಂಬರಿ ಅಲ್ಲ, ಹಾರರ್ ಕಾಮಿಕ್ಸ್. ಫ್ರೆಡ್ರಿಕ್ ವರ್ಥಮ್ ಅಂತ ಮನೋವೈದ್ಯರು. ಕಾಮಿಕ್ಸ್ ಓದಿ ಮಕ್ಕಳು ಕೆಡುತ್ತಿದ್ದಾರೆ ಅಂತ ಪುಸ್ತಕ ಬರೆದರು. ಸೆನೆಟ್ ಸಮಿತಿ ವಿಚಾರಣೆ ಮಾಡಿತು. ಸರ್ಕಾರ ನಿಷೇಧಿಸುವ ಮೊದಲೇ ಪ್ರಕಾಶಕರು ಹೆದರಿ ತಮಗೆ ತಾವೇ ನಿಯಮ ಮಾಡಿಕೊಂಡರು. ಹೆಸರಿನಲ್ಲಿ ಹಾರರ್ ಅನ್ನುವ ಪದ ಬರಬಾರದು, ಟೆರರ್ ಬರಬಾರದು, ರಕ್ತ ಹೀರುವ ಪಿಶಾಚಿ ಬರಬಾರದು, ನಡೆದಾಡುವ ಹೆಣ ಬರಬಾರದು. ಎಷ್ಟೋ ಪತ್ರಿಕೆಗಳು ಬಾಗಿಲು ಹಾಕಿದವು, ಚಿತ್ರ ಬರೆಯುವವರು ಕೆಲಸ ಕಳೆದುಕೊಂಡರು.

ಆ ವೈದ್ಯರ ಮೇಲೆ ನನಗೆ ಕೋಪ ಇಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕರಿಯರಿಗಾಗಿ ಕ್ಲಿನಿಕ್ ನಡೆಸಿದ ಮನುಷ್ಯ. ಮಕ್ಕಳ ಬಗ್ಗೆ ನಿಜವಾದ ಕಾಳಜಿ ಇತ್ತು. ಆದರೆ ಅವರ ಕಾಗದಪತ್ರಗಳನ್ನು ಕ್ಯಾರಲ್ ಟಿಲಿ ಅನ್ನುವ ಸಂಶೋಧಕಿ ಕೂತು ಓದಿ 2012ರಲ್ಲಿ ಒಂದು ಲೇಖನ ಬರೆದರು. ಮಕ್ಕಳು ಹೇಳಿದ ಮಾತುಗಳನ್ನು ವರ್ಥಮ್ ತಿದ್ದಿದ್ದರು, ಕೆಲವನ್ನು ಬಿಟ್ಟಿದ್ದರು, ಹಲವು ಮಕ್ಕಳ ಮಾತನ್ನು ಒಬ್ಬರ ಮಾತು ಅನ್ನುವ ಹಾಗೆ ಸೇರಿಸಿದ್ದರು. ಮನೆಯ ಕಷ್ಟ, ಹೊಡೆತ, ಬಡತನ ಹಿಂದೆ ಹೋಯಿತು, ಕಾಮಿಕ್ಸ್ ಮುಂದೆ ಬಂತು. ಅರವತ್ತು ವರ್ಷ ಆದ ಮೇಲೆ ಇದು ತಿಳಿದು ಏನು ಪ್ರಯೋಜನ ಹೇಳಿ.

ಇನ್ನು ಹದಿಹರೆಯದವರ ಕೈಗೆ ಸಿಗಬಾರದ ಪುಸ್ತಕ ಇದ್ದೇ ಇದೆ, ಒಪ್ಪುತ್ತೇನೆ. ಅದಕ್ಕೆ ಬೇರೆ ದಾರಿಗಳೂ ಇವೆ. ಬ್ರೆಟ್ ಈಸ್ಟನ್ ಎಲ್ಲಿಸ್ ಅವರ ಅಮೆರಿಕನ್ ಸೈಕೋ 1991ರಲ್ಲಿ ಬಂತು. ಅದರ ಹಿಂಸೆ ಓದಲು ನನಗೇ ಆಗಲಿಲ್ಲ. ಆಸ್ಟ್ರೇಲಿಯಾದ ಹೆಚ್ಚಿನ ಕಡೆ ಅದನ್ನು ಪ್ಲಾಸ್ಟಿಕ್ ಸುತ್ತಿ, 18 ವರ್ಷ ದಾಟಿದವರಿಗೆ ಮಾತ್ರ ಮಾರುವ ವ್ಯವಸ್ಥೆ ಮಾಡಿದರು. ದೊಡ್ಡವರಿಗೆ ಸಿಗುತ್ತದೆ, ಮಕ್ಕಳಿಗೆ ಸಿಗುವುದಿಲ್ಲ. ಬೇಕಿದ್ದರೆ ಇಂಥದ್ದು ಮಾಡಿ. ಇಲ್ಲವಾಗಿಸಬೇಡಿ.

ಕಪ್ಪು ಕೋಟು:
ವಕೀಲನಾಗಿ ಒಂದು ಸೇರಿಸುತ್ತೇನೆ. ಆ ಕಾಮಿಕ್ಸ್ ಗಾಳಿ ನಮ್ಮವರೆಗೂ ಬಂದಿದೆ, ತುಂಬಾ ಜನಕ್ಕೆ ಗೊತ್ತಿಲ್ಲ ಅಷ್ಟೇ. 1955ರಲ್ಲಿ ಬ್ರಿಟನ್ ಹಾರರ್ ಕಾಮಿಕ್ಸ್ ವಿರುದ್ಧ ಕಾನೂನು ಮಾಡಿತು. ಮರುವರ್ಷವೇ, 1956ರಲ್ಲಿ, ನಮ್ಮ ಸಂಸತ್ತು ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ ಯುವಜನರಿಗೆ ಹಾನಿಕರವಾದ ಪ್ರಕಟಣೆಗಳ ಕಾಯ್ದೆ ಮಾಡಿತು. ಅಪರಾಧ, ಹಿಂಸೆ, ಕ್ರೌರ್ಯ, ಅಸಹ್ಯ ಅಥವಾ ಭಯಾನಕ ಘಟನೆಗಳನ್ನು ತೋರಿಸುವ ಪುಸ್ತಕ 20 ವರ್ಷದೊಳಗಿನವರನ್ನು ಕೆಡಿಸುವ ಹಾಗಿದ್ದರೆ ಮಾರಿದವರಿಗೆ ಆರು ತಿಂಗಳವರೆಗೆ ಜೈಲು. ರಾಜ್ಯ ಸರ್ಕಾರ ಆ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. 'ಭಯಾನಕ' ಅನ್ನುವುದೂ ಅದರಲ್ಲಿದೆ, ಗಮನಿಸಿ. 18ಕ್ಕೆ ವೋಟು ಹಾಕುವ ಹುಡುಗ ಆ ಕಾಯ್ದೆಯ ಕಣ್ಣಿಗೆ ಇನ್ನೂ ಚಿಕ್ಕವನು.

ಮೇಷ್ಟ್ರೇ, ನಿಮ್ಮ ಹೂವಿನವರ ವಿಷಯ ನನಗೆ ಮನಸ್ಸಿಗೆ ತಟ್ಟಿತು. ಅದಕ್ಕೂ ಕಾನೂನು ಇದೆ. ಕರ್ನಾಟಕದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಮಾಟದ ಹೆಸರಿನಲ್ಲಿ ಒಬ್ಬರಿಗೆ ಹಿಂಸೆ ಕೊಡುವುದನ್ನು ಅದು ತಡೆಯುತ್ತದೆ, ಮಾಟದ ಕಥೆ ಬರೆಯುವುದನ್ನು ಅಲ್ಲ. ಆ ಗೆರೆ ಸರಿಯಾದ ಜಾಗದಲ್ಲೇ ಇದೆ ಅಂತ ನನ್ನ ಅಭಿಪ್ರಾಯ. 2016ರಲ್ಲಿ ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ ಕೂಡ ಇದನ್ನೇ ಹೇಳಿತು. ಪುಸ್ತಕ ಇಷ್ಟ ಆಗದಿದ್ದರೆ ಎಸೆಯಿರಿ, ಓದಲೇಬೇಕು ಅಂತ ಯಾರೂ ಬಲವಂತ ಮಾಡಿಲ್ಲ ಅಂತ.

ಬಯಲುಸೀಮೆ ಬಸವ:
ವಕೀಲರು ಹೇಳಿದ್ದು ಸರಿ. ಮತ್ತೆ ಮೇಷ್ಟ್ರೇ, ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಮನೆ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದದ್ದು ನೆನಪಿದೆಯಾ? ನಮ್ಮ ಚಿಕ್ಕಮ್ಮನ ಮನೆ ಬಾಗಿಲಿಗೂ ಸೀಮೆಸುಣ್ಣದಲ್ಲಿ ಬರೆದಿದ್ದರು. ಮಳೆಗೆ ಅಳಿಸಿದರೆ ಮತ್ತೆ ಬರೆಯೋದು. ಅವರೆಲ್ಲ ಯಾವ ಕಾದಂಬರಿ ಓದಿದ್ದರು? ಚಿಕ್ಕಮ್ಮನಿಗೆ ಓದಲು ಬರುತ್ತಲೇ ಇರಲಿಲ್ಲ. ಭಯ ಬಾಯಿಂದ ಬಾಯಿಗೆ ಹೋಗುತ್ತದೆ. ಆ ಹುಡುಗನಿಗೂ ಪುಸ್ತಕಕ್ಕಿಂತ ಮೊದಲೇ ಮನೆಯಲ್ಲಿ ಯಾರೋ ಆ ಹೆಂಗಸಿನ ಬಗ್ಗೆ ಏನೋ ಅಂದಿರುತ್ತಾರೆ ಅಂತ ನನ್ನ ಅನುಮಾನ.

ಬೆಳದಿಂಗಳು 19:
ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕವಳು ಅನ್ನಿಸುತ್ತದೆ. ಒಂದು ಹೇಳಲೇಬೇಕು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ಮನೆಯಲ್ಲಿ ಎಲ್ಲರೂ ನನ್ನ ಮುಂದೆ ಆ ಮಾತೇ ಎತ್ತುತ್ತಿರಲಿಲ್ಲ. ನಗುವ ಪುಸ್ತಕ ಕೊಟ್ಟರು, ದೇವರ ಪುಸ್ತಕ ಕೊಟ್ಟರು, ಯಾವುದೂ ಒಳಗೆ ಇಳಿಯಲಿಲ್ಲ. ಆವಾಗ ನಾನು ಬರೀ ಹಾರರ್ ಓದಿದೆ, ರಾತ್ರಿ ಇಡೀ, ಹೊದಿಕೆಯೊಳಗೆ ಮೊಬೈಲ್ ಟಾರ್ಚ್ ಹಾಕಿಕೊಂಡು. ಅಮ್ಮನಿಗೆ ಇವಳಿಗೇನೋ ಆಗಿದೆ ಅಂತ ಭಯ. ನನಗೆ ಮಾತ್ರ ಅದರಲ್ಲಿ ಒಂದು ನೆಮ್ಮದಿ ಸಿಗುತ್ತಿತ್ತು. ಆ ಪುಸ್ತಕಗಳಲ್ಲಿ ಸಾವನ್ನು ಯಾರೂ ಮುಚ್ಚಿಡುವುದಿಲ್ಲ. ಮನುಷ್ಯರು ಹೆದರುತ್ತಾರೆ, ಅಳುತ್ತಾರೆ, ಬೆಳಗಾಗುವವರೆಗೆ ಹೇಗೋ ಉಳಿಯುತ್ತಾರೆ. ನನಗೆ ಬೇಕಾಗಿದ್ದು ಅದೇ. ಯಾರಾದರೂ ಆವಾಗ ನನ್ನ ಕೈಯಿಂದ ಆ ಪುಸ್ತಕ ಕಿತ್ತುಕೊಂಡಿದ್ದರೆ ನಾನು ಏನಾಗುತ್ತಿದ್ದೆನೋ.

ಹೈಸ್ಕೂಲ್ ಮೇಷ್ಟ್ರು:
ತಂಗಿ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ಶಾಲೆಯಲ್ಲೂ ಅಪ್ಪ ಇಲ್ಲದ ಮಕ್ಕಳಿದ್ದಾರೆ. ಬೀಗ ಹಾಕುವಾಗ ಅವರ ಬಗ್ಗೆ ಯೋಚಿಸಿರಲಿಲ್ಲ.

ಬಸವ ಅವರೇ, ನಿಮ್ಮ ಅನುಮಾನ ನಿಜ. ಅಜ್ಜಿಯ ಮನೆಯವರಿಗೂ ಆ ಹೂವಿನವರಿಗೂ ಗೋಡೆ ವಿಷಯಕ್ಕೆ ಜಗಳ ಇತ್ತು. ನನಗೆ ಆಮೇಲೆ ಗೊತ್ತಾಯಿತು. ಆದರೆ ಜಗಳಕ್ಕೆ ಮಾಟ ಅನ್ನುವ ಬಣ್ಣ ಬಂದದ್ದು ಪುಸ್ತಕದಿಂದಲೇ. ಇದನ್ನು ನಾನು ಬಿಟ್ಟುಕೊಡುವುದಿಲ್ಲ.

ತುಂಗೆಯ ದಡದವಳು:
ಎಲ್ಲರಿಗೂ ತುಂಬಾ ಧನ್ಯವಾದ. ನಾಲ್ಕು ದಿನ ಬರೆಯಲಾಗಲಿಲ್ಲ, ಮಂಗಳವಾರ ಇಲ್ಲಿನ ಶಾಲಾ ಮಂಡಳಿಯ ಸಭೆಗೆ ಹೋಗಿದ್ದೆ. ಜೀವನದಲ್ಲಿ ಮೊದಲ ಸಲ.

ಇಲ್ಲಿ ಒಂದು ನಿಯಮ ಇದೆ. ಪುಸ್ತಕಕ್ಕೆ ಆಕ್ಷೇಪ ಇರುವ ಪೋಷಕರು ಅದರ ಸಾಲುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದಬಹುದು. ಇದು ಓದುವಂಥದ್ದಲ್ಲ ಅಂತ ಮಂಡಳಿ ತಡೆದರೆ, ಆ ಪುಸ್ತಕದ ಬಳಕೆಯನ್ನೇ ನಿಲ್ಲಿಸಬೇಕು. ಒಬ್ಬ ತಾಯಿ ಎದ್ದು ಓದಿದರು. ನನ್ನ ವಯಸ್ಸಿನವರೇ. ಕಾಗದ ಹಿಡಿದ ಕೈ ನಡುಗುತ್ತಿತ್ತು. ಅರ್ಧ ಪುಟ ಓದಿದರು. ಅಷ್ಟನ್ನೇ ಕೇಳಿದರೆ ಯಾರಿಗಾದರೂ ಬೇಡ ಅನ್ನಿಸುತ್ತದೆ. ಆದರೆ ಆ ಅರ್ಧ ಪುಟದ ಹಿಂದೆ ಮುಂದೆ ನೂರಾರು ಪುಟ ಇದೆಯಲ್ವಾ, ಅದು ಆ ರೂಮಿನಲ್ಲಿ ಯಾರ ಕೈಯಲ್ಲೂ ಇರಲಿಲ್ಲ. ಆಕೆಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಮಗಳ ಬಗ್ಗೆ ಹೆದರಿದ ತಾಯಿ ಅಷ್ಟೇ. ನನ್ನ ಸರದಿ ಬಂದಾಗ ಹೇಳಿದೆ. ನಿಮ್ಮ ಮಗಳಿಗೆ ಬೇಡ ಅನ್ನಿ, ನಾನು ಜೊತೆಗಿದ್ದೇನೆ. ನನ್ನ ಮಗಳಿಗೆ ಬೇಕೋ ಬೇಡವೋ ಅನ್ನೋದನ್ನ ನನಗೂ ಅವಳಿಗೂ ಬಿಡಿ. ಗಂಟಲು ಕಟ್ಟಿ ಇನ್ನೂ ಎರಡು ಮಾತು ಅಲ್ಲೇ ಉಳಿಯಿತು.

2025ರ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಈ ಕಾನೂನಿನ ಒಂದು ಭಾಗ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿದ್ದಾರೆ. ಆದರೂ ನಮ್ಮ ಶಾಲೆಯ ಆ ಕಪಾಟು ಇನ್ನೂ ಹಾಗೇ ಇದೆ.

ಮಗಳಿಗೆ ಊರಿನ ಸಾರ್ವಜನಿಕ ಲೈಬ್ರರಿಯಿಂದ ಅದೇ ಪುಸ್ತಕ ತಂದುಕೊಟ್ಟೆ. ಎರಡು ಪ್ರತಿ ತಂದೆ, ಅವಳಿಗೊಂದು ನನಗೊಂದು. ಎಲ್ಲಿಯವರೆಗೆ ಓದಿದೆ ಅಂತ ಊಟದ ಹೊತ್ತಿನಲ್ಲಿ ಮಾತಾಡುತ್ತಿದ್ದೆವು. ಮೊನ್ನೆ ರಾತ್ರಿ ಹನ್ನೊಂದಕ್ಕೆ ನನ್ನ ರೂಮಿಗೆ ಬಂದಳು, ದಿಂಬು ಹಿಡಿದುಕೊಂಡು. ಅಮ್ಮ, ಈ ಅಧ್ಯಾಯ ನನಗೆ ಆಗಲ್ಲ, ಈಗ ಬೇಡ ಅಂತ ಪುಸ್ತಕ ನನ್ನ ಮೇಜಿನ ಮೇಲೆ ಇಟ್ಟಳು. ನಾನು ಏನೂ ಹೇಳಲಿಲ್ಲ. ಪಕ್ಕದಲ್ಲಿ ಮಲಗಿಸಿಕೊಂಡೆ. ಗುರುತಿಗೆ ಬಸ್ ಟಿಕೆಟ್ ಒಂದನ್ನು ಅವಳೇ ಆ ಪುಟದಲ್ಲಿ ಇಟ್ಟಿದ್ದಾಳೆ.

ಹೈಸ್ಕೂಲ್ ಮೇಷ್ಟ್ರು:
ಅಕ್ಕಾವ್ರೇ, ಸೋಮವಾರ ಬೀರು ತೆಗೆಯುತ್ತೇನೆ. ಎಲ್ಲವನ್ನೂ ಹೊರಗೆ ಇಡುವುದಿಲ್ಲ. ಮೊದಲು ನಾನೇ ಒಂದೊಂದಾಗಿ ಓದುತ್ತೇನೆ, ಬೀಗ ಹಾಕಿದಾಗ ಅರ್ಧದಷ್ಟನ್ನು ಓದಿಯೇ ಇರಲಿಲ್ಲ. ಓದಿದ್ದನ್ನು ನನ್ನ ಮೇಜಿನ ಮೇಲೆ ಇಡುತ್ತೇನೆ. ಬೇಕಾದ ಮಕ್ಕಳು ಬಂದು ಕೇಳಲಿ, ರಿಜಿಸ್ಟರಿನಲ್ಲಿ ಹೆಸರು ಬರೆದು ತಗೊಂಡು ಹೋಗಲಿ, ವಾಪಸ್ ಕೊಡುವಾಗ ಹತ್ತು ನಿಮಿಷ ನನ್ನ ಹತ್ತಿರ ಕೂತು ಮಾತಾಡಲಿ. ಮಾಟದ ಆ ಒಂದು ಪುಸ್ತಕದ ಬಗ್ಗೆ ಮಾತ್ರ ಇನ್ನೂ ಮನಸ್ಸು ಒಪ್ಪುತ್ತಿಲ್ಲ. ಅದು ಸದ್ಯಕ್ಕೆ ಒಳಗೇ ಇರಲಿ.